ಸಮಯ ಊಹಿಸಬೇಡಿ, ದೂರದಿಂದ ಲೆಕ್ಕ ಹಾಕಿ
ತಲೆಗೆ ಬೀಳುವ ಏಟಿನ ಬಲ ಲೆಕ್ಕ ಹಾಕುವ ನಿಮ್ಮ ಲೇಖನದಲ್ಲಿ, ಹೆಲ್ಮೆಟ್ ಇಲ್ಲದ ತಲೆ ರಸ್ತೆಗೆ ಬಡಿದು ನಿಲ್ಲಲು 0.1 ಸೆಕೆಂಡ್ ಹಿಡಿದಿದ್ದೀರಿ. ತೀರಾ ಹೆಚ್ಚಾಯಿತು. 1.5 ಮೀಟರ್ ಎತ್ತರದಿಂದ ಬಿದ್ದರೆ ವೇಗ ಸೆಕೆಂಡಿಗೆ ಸುಮಾರು 5.4 ಮೀಟರ್. ನಿಮ್ಮ ಲೆಕ್ಕದಂತೆ ತಲೆ ನಿಲ್ಲುವಷ್ಟರಲ್ಲಿ 27 ಸೆಂ.ಮೀ. ಸಾಗಬೇಕು, ಡಾಂಬರು ಅಷ್ಟು ಮೆತ್ತಗಿಲ್ಲ ಸಾರ್!

ವೇಗ ಸಮನಾಗಿ ಇಳಿಯುತ್ತದೆ ಎಂದುಕೊಂಡು, ಕುಗ್ಗುವ ದೂರದ ಎರಡರಷ್ಟನ್ನು ಆರಂಭದ ವೇಗದಿಂದ ಭಾಗಿಸಿ, ಸಮಯ ಸಿಗುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ 25 ಮಿ.ಮೀ. ಕುಗ್ಗಿದರೆ ಸುಮಾರು 0.0093 ಸೆಕೆಂಡ್. 5 ಕೆ.ಜಿ. ತಲೆಯ ಸಂವೇಗ (ದ್ರವ್ಯರಾಶಿ × ವೇಗ) 27 ಕೆ.ಜಿ.ಮೀ./ಸೆ. ಅದನ್ನು ಆ ಸಮಯದಿಂದ ಭಾಗಿಸಿದರೆ ಸರಾಸರಿ ಬಲ ಸುಮಾರು 2,900 ನ್ಯೂಟನ್. ಬರಿತಲೆ 2.5 ಮಿ.ಮೀ.ಯಲ್ಲೇ ನಿಂತರೆ ಅದರ ಹತ್ತು ಪಟ್ಟು. ಗರಿಷ್ಠ ಬಲ ಸರಾಸರಿಗಿಂತ ಇನ್ನೂ ಮೇಲೆ. ತಲೆ ಪುಟಿದರೆ ಸಂವೇಗದ ಬದಲಾವಣೆಯೂ ಹೆಚ್ಚು.

ಒಮ್ಮೆ ಏಟು ತಿಂದ ಹೆಲ್ಮೆಟ್‌ಗೆ ಈ 25 ಮಿ.ಮೀ. ಹಿಡಿಯಬೇಡಿ, ಕುಗ್ಗಿದ ಥರ್ಮಾಕೋಲ್ ಮತ್ತೆ ಪೂರ್ತಿ ಉಬ್ಬುವುದಿಲ್ಲ.