ಬಲಗಿವಿಯ ತೀರ್ಪು

2021ರ ಸೆಪ್ಟೆಂಬರ್‌ನಲ್ಲಿ ಹೆವಿ ಮೆಟಲ್ (ಅಬ್ಬರದ ರಾಕ್ ಸಂಗೀತ) ಬ್ಯಾಂಡ್ ಐರನ್ ಮೇಡನ್‌ನ 'ಸೆಂಜುಟ್ಸು' ಬಂತು. ಹಿಂದಿನ ಆಲ್ಬಂ ಬಂದಿದ್ದು 2015ರಲ್ಲಿ. ಅಂದರೆ ಆರು ವರ್ಷ ಕಾದಿದ್ದೆ. 82 ನಿಮಿಷದ ಆಲ್ಬಂ ಅದು, ನಾನು ಹನ್ನೊಂದನೇ ನಿಮಿಷಕ್ಕೇ ಗೆಳೆಯನಿಗೆ ಮೆಸೇಜ್ ಹಾಕಿಬಿಟ್ಟೆ: "ಮುಗೀತು ಕಣೋ ಇವರ ಕಥೆ. ಮೂರು ಜನ ಗಿಟಾರ್ ಹಿಡ್ಕೊಂಡು ನಿಂತಿದಾರೆ, ಒಂದೂ ನೆಟ್ಟಗೆ ಕೇಳಲ್ಲ."

ನಮ್ಮ ಜಾತಿಯ ಅಭಿಮಾನಿಗಳೇ ಹೀಗೆ. ಹಳೇ ಥರಾನೇ ನುಡಿಸಿದರೆ 'ಸರಕು ಖಾಲಿ' ಅಂತೀವಿ, ಬದಲಾದರೆ 'ದುಡ್ಡಿಗೆ ಮಾರ್ಕೊಂಡ್ರು' ಅಂತೀವಿ. 1996ರಲ್ಲಿ ಮೆಟಾಲಿಕಾ ಬ್ಯಾಂಡಿನವರು 'ಲೋಡ್' ಆಲ್ಬಂ ತಂದಾಗ ಹಾಡಿಗಿಂತ ಮೊದಲು ಕೂದಲಿನ ವಿಚಾರಣೆ ನಡೆಯಿತು. ಮೆಟಲ್ ಮಂದಿಯ ಗುರುತಾದ ಉದ್ದ ಕೂದಲನ್ನು ನಾಲ್ವರೂ ಕತ್ತರಿಸಿಕೊಂಡಿದ್ದರಲ್ಲ! ಅವರ ತಲೆ, ಅವರ ಕತ್ತರಿ, ಆದರೆ ಸೂತಕ ಮಾತ್ರ ನಮಗೆ.

ಅವರದೇ 2003ರ 'ಸೇಂಟ್ ಆಂಗರ್' ಬಗ್ಗೆ ಮಾತ್ರ ನಾನು ಇವತ್ತಿಗೂ ರಾಜಿಯಾಗಿಲ್ಲ. ಗಿಟಾರ್ ಮುಂದೆ ಬಂದು ಮೆರೆಯುವ ಸೋಲೋ ಒಂದೂ ಇಲ್ಲ, ಹೋಗಲಿ. ಸ್ನೇರ್ ಡ್ರಮ್‌ನ ಅಡಿಯ ತಂತಿಗಳನ್ನು ಸಡಿಲ ಬಿಟ್ಟು ಬಾರಿಸಿ, ಖಾಲಿ ಡಬ್ಬದ ಹಾಗೆ ಠಣ್ ಠಣ್ ಅನ್ನಿಸಿದ್ದಾರೆ. ಮೊದಲ ಸಲ ಕೇಳಿದಾಗ ಮಹಡಿ ಮೇಲೆ ಯಾರೋ ಏನೋ ಬಡೀತಿದಾರೆ ಅಂತ ಹೆಡ್‌ಫೋನ್ ತೆಗೆದೆ. ಬಡಿತ ನಿಂತಿತು. ಹಾಕಿಕೊಂಡೆ, ಮತ್ತೆ ಶುರು. ಹೀಗೆ ಮೂರು ಸಲ ಆದ ಮೇಲೆ ಮಹಡಿಯವರ ಮೇಲಿನ ಕೋಪ ಇಳಿದು ಡ್ರಮ್ಮರ್ ಮೇಲೆ ಏರಿತು.

ಇನ್ನು ಜೂಡಸ್ ಪ್ರೀಸ್ಟ್ ಬ್ಯಾಂಡು. 1986ರ 'ಟರ್ಬೊ'ದಲ್ಲಿ ಗಿಟಾರಿನಿಂದ ಎಲೆಕ್ಟ್ರಾನಿಕ್ ಸದ್ದು ಹೊರಡಿಸುವ ಗಿಟಾರ್ ಸಿಂಥಸೈಜರ್ ಬಳಸಿದರು ಅಂತ ಮೂಗು ಮುರಿದವರೇ ಈಗ ಅದನ್ನು ಹಾಕಿಕೊಂಡು 'ಆ ಕಾಲವೇ ಬೇರೆ ಬಿಡಿ' ಅಂತ ನಿಟ್ಟುಸಿರು ಬಿಡುತ್ತಾರೆ. 2024ರಲ್ಲಿ 'ಇನ್ವಿನ್ಸಿಬಲ್ ಶೀಲ್ಡ್' ಬಂದಾಗ ಅವರ ಗಾಯಕ ರಾಬ್ ಹ್ಯಾಲ್ಫೋರ್ಡ್‌ಗೆ 72 ವರ್ಷ. ಆ ವಯಸ್ಸಲ್ಲಿ ಆ ಕಿರುಚಾಟ! ನಾನು ಹೊರಟುಹೋದ ಬಸ್ಸಿಗೆ ಒಂದು ಸಲ ಕೂಗಿದರೆ ಎರಡು ದಿನ ಗಂಟಲು ಕೂತಿರುತ್ತೆ. ಆದರೂ ಕೇಳಿದ ತಕ್ಷಣ ನನ್ನ ಬಾಯಿಂದ ಬಂದಿದ್ದು, "ಇದೆಲ್ಲ ಸ್ಟುಡಿಯೋ ಕೈಚಳಕ."

ಗೆಳೆಯನ ವಿಷಯಕ್ಕೆ ಬರೋಣ. ಅವನಿಂದ ಒಂದೇ ಸಾಲಿನ ಉತ್ತರ: "ಎಡಗಿವಿಯಲ್ಲಿ ಏನು ಕೇಳ್ತಿದೆ?"

ಎಡಗಿವಿಯಲ್ಲಿ ಫ್ಯಾನ್ ಸದ್ದು ಕೇಳುತ್ತಿತ್ತು. ಆ ಕಡೆ ಇಯರ್‌ಫೋನ್ ಯಾವತ್ತು ಸತ್ತಿತ್ತೋ ಏನೋ. ವೈರನ್ನು ಬುಡದಲ್ಲಿ ಸ್ವಲ್ಪ ತಿರುಚಿ ಹಿಡಿದೆ. ಎಡಗಡೆಯಿಂದ ಗಿಟಾರ್ ನುಗ್ಗಿತು ನೋಡಿ, ಕೂತಲ್ಲೇ ಬೆಚ್ಚಿಬಿದ್ದೆ. ಕೈ ಸಡಿಲಿಸಿದರೆ ಮತ್ತೆ ಫ್ಯಾನು. ಹಾಗಾಗಿ ಉಳಿದ 71 ನಿಮಿಷವನ್ನೂ ವೈರ್ ಹಿಡಿದುಕೊಂಡೇ, ಕತ್ತು ಓರೆ ಮಾಡಿಕೊಂಡೇ ಕೇಳಿದೆ.

"ಈಗ ಹೇಗಿದೆ?" ಅಂತ ಕೇಳಿದ ಗೆಳೆಯ.

ಅಷ್ಟು ಸುಲಭಕ್ಕೆ ಸೋಲೋದಾ? "ಪರವಾಗಿಲ್ಲ," ಅಂದೆ, "ಆದ್ರೆ ಗಿಟಾರ್ ಸ್ವಲ್ಪ ಜಾಸ್ತಿ ಆಯ್ತು ಅಲ್ವಾ?"