ಇವತ್ತು ಎಷ್ಟು ನಿಮಿಷ?

ಸಂಕ್ರಾಂತಿಗೆ ದಾವಣಗೆರೆಗೆ ಬಂದಿದ್ದೆ. ತಮ್ಮನನ್ನು ಮಾತಾಡಿಸಲು ಬಂದ ಹಿರಿಯರೊಬ್ಬರು ಪಡಸಾಲೆಯಲ್ಲಿ ಮಂಡಕ್ಕಿ ತಿನ್ನುತ್ತ ಕೇಳಿದರು: "ಎದ್ದು ಓಡಾಡೋದಿಲ್ಲ ಅಂದ್ಮ್ಯಾಲೆ ಕಾಲಿಗೆ ಆ ಕರೆಂಟ್ ಯಾಕಪ್ಪ? ದುಡ್ಡು ದಂಡ." ತಮ್ಮ ಒಳಗೆ ಮಂಚದ ಮೇಲಿದ್ದ. ಅವನಿಗೆ ಕೇಳಿಸಿತು.

ಅವನು ನನ್ನ ಚಿಕ್ಕಪ್ಪನ ಮಗ. ಎರಡು ವರ್ಷದ ಹಿಂದೆ ಚನ್ನಗಿರಿ ಕಡೆಯ ತೋಟದಲ್ಲಿ ಕೊನೆ ಇಳಿಸುವಾಗ ಅಡಿಕೆ ಮರದಿಂದ ಬಿದ್ದ. ಬೆನ್ನುಹುರಿಗೆ ಪೆಟ್ಟಾಗಿ ಹೊಕ್ಕಳಿನಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಚಿಕ್ಕ ಯಂತ್ರದಿಂದ ಅವನ ತೊಡೆಗೆ ಕೊಡಿಸುವ ಕರೆಂಟಿನ ಬಗ್ಗೆಯೇ ಹಿರಿಯರ ಆ ಮಾತು. ಅಂದಿನಿಂದ ಬಂದವರೆಲ್ಲರದೂ ಒಂದೇ ಪ್ರಶ್ನೆ: "ಯಾವಾಗ ನಡೀತಾನೆ?"

ನಾನಿರುವುದು ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ. ನಮ್ಮ ಕೆಳಮನೆಯವರಿಗೂ ಇಂಥದೇ ಪೆಟ್ಟು. ವಾರಕ್ಕೆ ಮೂರು ದಿನ ಅವರು ಸೈಕಲ್ ತುಳಿಯುತ್ತಾರೆ. ತೊಡೆಯ ಹಿಂದೆ ಮುಂದೆ, ಕುಂಡಿಯ ಮೇಲೆ ಅಂಟುವ ಪ್ಯಾಡ್‌ಗಳು. ಪೆಡಲ್ ಎಲ್ಲಿಗೆ ಬಂತೆಂದು ನೋಡಿಕೊಂಡು ಯಂತ್ರ ಒಂದೊಂದು ಸ್ನಾಯುವಿಗೂ ಸರದಿಯಲ್ಲಿ ಕರೆಂಟ್ ಕೊಡುತ್ತದೆ. ಪೆಟ್ಟಿನ ಕೆಳಗಿನ ನರಗಳು ಸತ್ತಿಲ್ಲ, ಮಿದುಳಿನ ಅಪ್ಪಣೆ ಅಲ್ಲಿಗೆ ಮುಟ್ಟುತ್ತಿಲ್ಲ ಅಷ್ಟೆ. ಒಮ್ಮೆ ಪಕ್ಕದಲ್ಲೇ ಕೂತು ನೋಡಿದೆ. ತೊಡೆ ಹುರಿಗಟ್ಟುತ್ತದೆ, ಸಡಿಲವಾಗುತ್ತದೆ. ಹಣೆಯ ಮೇಲೆ ದುಡಿದವನ ಬೆವರು. ಮುಗಿದ ಮೇಲೆ ಪ್ಯಾಡ್ ಕಿತ್ತು, ಚರ್ಮ ಸುಟ್ಟಿದೆಯೋ ಎಂದು ಕನ್ನಡಿ ಹಿಡಿದು ನೋಡಿಕೊಂಡರು. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲವಲ್ಲ. ಮೆಟ್ಟಿಲ ಹತ್ತಿರ ಸಿಕ್ಕವರು ಅವರನ್ನು ಕೇಳುವುದು, "ಇವತ್ತು ಎಷ್ಟು ನಿಮಿಷ?" 2016ರಲ್ಲಿ ಪಕ್ಕದ ಕ್ಲೋಟನ್‌ನಲ್ಲಿ ಇಂಥವರಿಗೆಂದೇ 750 ಮೀಟರಿನ ಸೈಕಲ್ ಪಂದ್ಯ ನಡೆದಿತ್ತು.

ನಮ್ಮೂರಲ್ಲಿ ವ್ಯಾಯಾಮವೂ ಒಂದು ಔಷಧಿ, ವಾಸಿಯಾಗದಿದ್ದರೆ ನಿಲ್ಲಿಸುವಂಥದ್ದು. ಇದನ್ನು ಕೇಳಿದರೆ ನನಗೆ ತಡೆಯಲಾಗುವುದಿಲ್ಲ. ಕಾಲು ಬರಲಿ ಎಂದು ಅವನಿಗೆ ದಿನಾ ಸ್ನಾನ ಮಾಡಿಸುತ್ತೇವೆಯೇ? ಕರೆಂಟ್ ಹಿಡಿದು ತುಳಿದರೆ ಕರಗಿದ ತೊಡೆ ತುಂಬಿಕೊಳ್ಳುತ್ತದೆ, ಕಾಲಿನಲ್ಲಿ ರಕ್ತ ಓಡಾಡುತ್ತದೆ, ಹೃದಯಕ್ಕೆ ಕೆಲಸ ಸಿಗುತ್ತದೆ. ಬಿಟ್ಟರೆ ಬಂದದ್ದೂ ಹೋಗುತ್ತದೆ. ಇಪ್ಪತ್ತಾರರ ಹುಡುಗನಿಗೆ ಇಷ್ಟು ಸಾಲದೇ? ಹಾಗೆ ನೋಡಿದರೆ ಕರೆಂಟ್ ನಮಗೆ ಹೊಸದೇನಲ್ಲ. ಮಂಡಿನೋವಿಗೆ "ಕರೆಂಟ್ ಇಡಿಸ್ಕೊಂಡು ಬಂದೆ" ಅನ್ನುವವರು ನಮ್ಮ ಓಣಿಯಲ್ಲೇ ಎಷ್ಟು ಜನ! ನೋವಿಗಾದರೆ ದಂಡವಲ್ಲ, ಇವನಿಗಾದರೆ ದಂಡ.

ಎಲ್ಲರಿಗೂ ಇದು ಆಗಿಬರುವುದಿಲ್ಲ, ನಿಜ. ಸೊಂಟದ ಕೆಳಗಿನ ನರದ ಬೇರೇ ಹೋಗಿದ್ದರೆ ಸ್ನಾಯು ಕರೆಂಟಿಗೆ ಓಗೊಡುವುದಿಲ್ಲ. ಪೆಟ್ಟು ಎದೆಯ ಮೇಲ್ಭಾಗದಲ್ಲೋ ಕುತ್ತಿಗೆಯಲ್ಲೋ ಇದ್ದರೆ ಬಿ.ಪಿ. ಏಕಾಏಕಿ ಏರಬಹುದು. ಎರಡು ವರ್ಷ ಭಾರ ಹೊರದ ಮೂಳೆ ಟೊಳ್ಳಾಗಿರುತ್ತದೆ, ಮೊದಲು ಡಾಕ್ಟರಿಗೆ ತೋರಿಸಲೇಬೇಕು. ಆ ಸೈಕಲ್‌ಗೆ ಲಕ್ಷಗಟ್ಟಲೆ ಬೆಲೆ, ನಮ್ಮ ಚಿಕ್ಕಪ್ಪನ ಕೈಗೆ ಎಟುಕದು. ಸದ್ಯಕ್ಕೆ ಫಿಸಿಯೋ ಹುಡುಗ ಮನೆಗೆ ಬಂದು ಚಿಕ್ಕ ಯಂತ್ರದಿಂದ ತೊಡೆಗೆ ಕರೆಂಟ್ ಕೊಟ್ಟು ಹೋಗುತ್ತಾನೆ. ಅದನ್ನಾದರೂ ನಿಲ್ಲಿಸಬೇಡಿ ಎಂದು ಚಿಕ್ಕಪ್ಪನಿಗೆ ಕೈಮುಗಿದು ಹೇಳಿದ್ದೇನೆ.

ಇನ್ನೊಂದನ್ನೂ ಹೇಳಬೇಕು. ಕೆಳಮನೆಯವರು ಸೈಕಲ್ ಇಳಿದ ಮೇಲೆ ಒಬ್ಬರೇ ಉಣ್ಣುತ್ತಾರೆ. ತಮ್ಮ ಈ ಎರಡು ವರ್ಷದಲ್ಲಿ ಒಂದು ಹೊತ್ತೂ ಒಬ್ಬನೇ ಉಂಡಿಲ್ಲ. ಚಿಕ್ಕಮ್ಮ ರಾತ್ರಿಯೆಲ್ಲ ಎರಡೆರಡು ತಾಸಿಗೆ ಎದ್ದು ಅವನನ್ನು ಮಗ್ಗುಲು ಹೊರಳಿಸುತ್ತಾಳೆ. ಇವತ್ತಿಗೂ ಬೆನ್ನ ಮೇಲೆ ಒಂದು ಹುಣ್ಣಿಲ್ಲ. ನಾನಿದ್ದಷ್ಟು ದಿನ ಆ ಕೆಲಸ ನನ್ನದು ಎಂದಿದ್ದೆ. ಮೂರನೇ ರಾತ್ರಿ ಅಲಾರಂ ಹೊಡೆದಾಗ ಎದ್ದು ಹೋದರೆ, ಅವಳು ಆಗಲೇ ಅವನ ಮಂಡಿಗಳ ನಡುವೆ ದಿಂಬು ಇಡುತ್ತಿದ್ದಳು.