ಹಗಲು ಬಿಸಿಲು, ರಾತ್ರಿ ತ್ರೀ ಫೇಸ್

ಶರಾವತಿಗೆ ಓವರ್‌ಟೈಮ್ ಕೆಲಸ ಕೊಡುತ್ತಾರಂತೆ. ಪಾಪದ ನದಿ, ಲಿಂಗನಮಕ್ಕಿಯಿಂದ ಇಳಿದು, ತಳಕಳಲೆ ಜಲಾಶಯದಲ್ಲಿ ನಿಂತು, ಟರ್ಬೈನ್ ತಿರುಗಿಸಿ, ಗೇರುಸೊಪ್ಪೆಯಲ್ಲಿ ಇನ್ನೊಂದು ಸಲ ಟರ್ಬೈನ್ ತಿರುಗಿಸಿ, ಸರಿ ಇನ್ನು ಹೊನ್ನಾವರದ ಹತ್ತಿರ ಸಮುದ್ರ ಸೇರೋಣ ಅಂತ ಹೊರಟಿರುತ್ತದೆ. ಅದನ್ನು ಗೇರುಸೊಪ್ಪೆಯಲ್ಲೇ ತಡೆದು, ಎಲ್ಲಿಗೆ ಹೊರಟೆ, ವಾಪಸ್ ಮೇಲೆ ಹತ್ತು ಅನ್ನುವುದೇ ಪಂಪ್ಡ್ ಸ್ಟೋರೇಜ್ ಯೋಜನೆ. 2,000 ಮೆಗಾವ್ಯಾಟ್. ಖರ್ಚು 8 ಸಾವಿರ ಕೋಟಿಗೂ ಮೇಲೆ. ಜಾಗ ಸಿಂಗಳೀಕಗಳ ಅಭಯಾರಣ್ಯ. ಕಡಿಯಬೇಕಾದ ಮರ 15 ಸಾವಿರಕ್ಕೂ ಹೆಚ್ಚು. ಹೆಸರು ಹಸಿರು ಇಂಧನ.

ಇದರ ವಿಚಾರ ನಿಮಗೆಲ್ಲ ಗೊತ್ತೇ ಇದೆ. ಪೇಪರಿನಲ್ಲಿ ಓದಿದ್ದೀರಿ, ಅಹವಾಲು ಸಭೆಯಲ್ಲಿ ಜನ ಬೇಡ ಬೇಡ ಅಂತ ಕೂಗಿದ್ದನ್ನೂ ನೋಡಿದ್ದೀರಿ. ಅಹವಾಲು ಸಭೆ ಅಂದರೆ ಜನರ ಅಹವಾಲನ್ನು ನೀಟಾಗಿ ಬರೆದುಕೊಂಡು ಫೈಲಿನಲ್ಲಿ ಇಡುವ ಕಾರ್ಯಕ್ರಮ. ಶಾಮಿಯಾನ ಚೆನ್ನಾಗಿರುತ್ತದೆ.

ಯೋಜನೆಯ ಲೆಕ್ಕ ತುಂಬಾ ಸರಳ. ಹಗಲು ಬಿಸಿಲಿದ್ದಾಗ ಸೋಲಾರ್ ಕರೆಂಟ್ ಜಾಸ್ತಿ ಆಗುತ್ತದೆ. ಆ ಕರೆಂಟಿನಿಂದ ಕೆಳಗಿನ ನೀರನ್ನು ಮೇಲಕ್ಕೆತ್ತಬೇಕು. ಸಂಜೆ ಬಿಸಿಲು ಹೋದ ಮೇಲೆ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟ್ ತೆಗೆಯಬೇಕು. 100 ಯೂನಿಟ್ ಹಾಕಿದರೆ 75-80 ವಾಪಸ್ ಬರುತ್ತದೆ. ಉಳಿದದ್ದು ಎಲ್ಲಿಗೆ ಹೋಯಿತು ಅಂತ ಕೇಳಬೇಡಿ, ಅದು ಭೌತಶಾಸ್ತ್ರ. ಕರ್ನಾಟಕದಲ್ಲಿ ಯೋಜನೆಯೊಂದರಲ್ಲಿ ನೂರಕ್ಕೆ ಎಪ್ಪತ್ತೈದು ಕೈಗೆ ಸಿಗುತ್ತದೆ ಅಂದರೆ ನಿಜವಾಗಿ ಹಬ್ಬ ಮಾಡಬೇಕು.

ಹಾಗಂತ ತಂತ್ರಜ್ಞಾನವನ್ನು ಸುಮ್ನೆ ಬೈಯುವುದೂ ಸರಿಯಲ್ಲ. ಜಗತ್ತಿನ ಎಷ್ಟೋ ಕಡೆ ಹೀಗೆ ನೀರೆತ್ತಿ ಕರೆಂಟ್ ಉಳಿಸುತ್ತಾರೆ. ಸೂರ್ಯ ಆರು ಗಂಟೆಗೆ ಡ್ಯೂಟಿ ಮುಗಿಸಿ ಹೋಗುತ್ತಾನೆ, ನಾವು ಟಿವಿ ಹಾಕುವುದು ಆಮೇಲೆಯೇ. ಕಲ್ಲಿದ್ದಲು ಬಿಡಬೇಕು ಅಂದರೆ ಹಗಲಿನ ಕರೆಂಟನ್ನು ಎಲ್ಲಾದರೂ ಕೂಡಿಡಲೇಬೇಕು. ಒಪ್ಪಿದೆ. ನನ್ನ ತಕರಾರು ಬೇರೆ. ಹಗಲು ಕರೆಂಟ್ ಜಾಸ್ತಿ ಆಗುತ್ತದೆ ಅಂತ ಇವರು ಅಷ್ಟು ಧೈರ್ಯವಾಗಿ ಹೇಳುತ್ತಾರಲ್ಲ, ಹಾಗಾದರೆ ನಮ್ಮ ರೈತ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಯಾಕೆ ಹೊಲಕ್ಕೆ ಹೋಗುತ್ತಾನೆ?

ಇಲ್ಲಿ ಮೊಸಳೆಯ ವಿಚಾರ ಹೇಳಲೇಬೇಕು. 2023ರ ಅಕ್ಟೋಬರ್, ಬರಗಾಲದ ವರ್ಷ. ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದಲ್ಲಿ ರಾತ್ರಿ ಹೊಲಕ್ಕೆ ನೀರು ಹಾಯಿಸುವಾಗ ರೈತರಿಗೆ ಮೊಸಳೆ ಸಿಕ್ಕಿತು. ಬೇರೆಯವರಾಗಿದ್ದರೆ ಓಡುತ್ತಿದ್ದರು. ಇವರು ಹಗ್ಗ ಕಟ್ಟಿ ಹಿಡಿದರು, ಸೀದಾ ವಿದ್ಯುತ್ ಉಪಕೇಂದ್ರಕ್ಕೆ ತಂದು ಅಧಿಕಾರಿಗಳ ಮುಂದೆ ಹಾಕಿದರು. ರಾತ್ರಿ ಕರೆಂಟ್ ಕೊಡುತ್ತೀರಲ್ಲ, ಹಾವೋ ಚೇಳೋ ಮೊಸಳೆಯೋ ಕಚ್ಚಿ ಸತ್ತರೆ ಯಾರು ಹೊಣೆ ಅಂತ ಕೇಳಿದರು.

ನನ್ನ ಪ್ರಕಾರ ಹವಾಮಾನ ಬದಲಾವಣೆ, ಇಂಧನ ನೀತಿ ಅಂತ ಈ ರಾಜ್ಯದಲ್ಲಿ ನಡೆದ ಎಲ್ಲ ವಿಚಾರ ಸಂಕಿರಣಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಬಂಧ ಮಂಡನೆ ಆಗಿಲ್ಲ. ಪವರ್‌ಪಾಯಿಂಟ್ ಇಲ್ಲ, ಗೋಡಂಬಿ ತಟ್ಟೆ ಇಲ್ಲ, ಒಂದೇ ಒಂದು ಮೊಸಳೆ. ವಿಷಯ ಪೂರ್ತಿ ಅರ್ಥವಾಗುತ್ತದೆ. ಅರ್ಜಿ ಕೊಟ್ಟರೆ ಇನ್‌ವರ್ಡ್ ನಂಬರ್ ಹಾಕಿ ಕಳಿಸುತ್ತಾರೆ, ಮೊಸಳೆಗೆ ಇನ್‌ವರ್ಡ್ ನಂಬರ್ ಎಲ್ಲಿ ಹಾಕುವುದು? ಬಾಲಕ್ಕೋ? ಸೀಲು ಹೊಡೆಯುವವರು ಯಾರು? ನಾಳೆ ಬನ್ನಿ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಮೊಸಳೆಗೆ ಹೇಳೋಕಾಗುತ್ತಾ? ಕೊನೆಗೆ ಅರಣ್ಯ ಇಲಾಖೆಯವರು ಬಂದು ಅದನ್ನು ಒಯ್ದರು. ಆ ಪ್ರಕರಣದಲ್ಲಿ ಪುನರ್ವಸತಿ ಅಂತ ಸಿಕ್ಕಿದ್ದು ಮೊಸಳೆಗೆ ಮಾತ್ರ.

ಆ ವರ್ಷ ದಿನಕ್ಕೆ ಏಳು ಗಂಟೆ ತ್ರೀ ಫೇಸ್, ಅಂದರೆ ಪಂಪ್‌ಸೆಟ್ ಓಡಿಸೋಕೆ ಬೇಕಾದ ಕರೆಂಟ್, ಕೊಡುತ್ತೇವೆ ಅಂದವರು ಐದಕ್ಕೆ ಇಳಿಸಿದ್ದರು, ಗಲಾಟೆಯಾದ ಮೇಲೆ ಮತ್ತೆ ಏಳು ಅಂದರು. ಆ ಏಳರಲ್ಲಿ ಎಷ್ಟು ಹಗಲು, ಎಷ್ಟು ರಾತ್ರಿ ಅನ್ನುವುದು ಲೈನ್‌ಮನ್‌ಗೆ ಫೋನ್ ಮಾಡಿದರೆ ಗೊತ್ತಾಗುತ್ತದೆ. ಫೋನ್ ಎತ್ತಿದರೆ. ಹಳ್ಳಿಗಳಲ್ಲಿ ಇದಕ್ಕೆ ಪಾಳಿ ಅಂತಾರೆ. ಈ ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಫ್ಯಾಕ್ಟರಿಯಲ್ಲಾದರೆ ರಾತ್ರಿ ಪಾಳಿಗೆ ಭತ್ಯೆ ಇರುತ್ತದೆ. ಇಲ್ಲಿ ಕೇಳಿದರೆ, ಕರೆಂಟೇ ಫ್ರೀ ಕೊಡ್ತಿದ್ದೀವಲ್ಲ ಅಂತಾರೆ.

ಈಗ ಒಂದು ಯೂನಿಟ್ ಕರೆಂಟಿನ ಪ್ರವಾಸ ಕಥನ ಕೇಳಿ. ಮಧ್ಯಾಹ್ನ ಹನ್ನೆರಡಕ್ಕೆ ಅದು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಹುಟ್ಟುತ್ತದೆ. ಆಗ ಅದೇ ತಾಲ್ಲೂಕಿನ ರೈತನ ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ತ್ರೀ ಫೇಸ್ ಇಲ್ಲ, ಅವನದು ಈ ವಾರ ರಾತ್ರಿ ಪಾಳಿ. ಯೂನಿಟ್ಟು ದೊಡ್ಡ ದೊಡ್ಡ ಟವರ್ ಹತ್ತಿ ಪಶ್ಚಿಮ ಘಟ್ಟಕ್ಕೆ ಹೋಗುತ್ತದೆ. ದಾರಿಯಲ್ಲಿ ಸ್ವಲ್ಪ ಸವೆಯುತ್ತದೆ. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುತ್ತದೆ. ರಾತ್ರಿ ಆ ನೀರು ಇಳಿಯುತ್ತದೆ, ಮುಕ್ಕಾಲು ಯೂನಿಟ್ ಆಗಿ ಮರುಹುಟ್ಟು ಪಡೆದು ಮತ್ತೆ ಘಟ್ಟ ಹತ್ತಿ ಪಾವಗಡಕ್ಕೆ ಬರುತ್ತದೆ, ರಾತ್ರಿ ಎರಡಕ್ಕೆ ಅದೇ ರೈತನ ಮೋಟರ್ ಓಡಿಸುತ್ತದೆ. ಮೋಟರ್ ಏನು ಮಾಡುತ್ತದೆ? ನೀರನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ.

ಅಂದರೆ ನೀರೆತ್ತುವುದಕ್ಕೋಸ್ಕರ ನೀರೆತ್ತುವುದು. ಮಧ್ಯದಲ್ಲಿ ಒಂದು ಅಭಯಾರಣ್ಯ.

ನಾನು ಗ್ರಿಡ್ ಗೊತ್ತಿಲ್ಲದೆ ಮಾತಾಡುತ್ತಿದ್ದೇನೆ ಅಂತ ಯಾರಾದರೂ ಇಂಜಿನಿಯರ್ ಬೈಯುತ್ತಾರೆ, ಬೈಯಲಿ. ಗ್ರಿಡ್‌ನಲ್ಲಿ ಪಾವಗಡದ ಯೂನಿಟ್ಟು, ರಾಯಚೂರಿನ ಯೂನಿಟ್ಟು ಅಂತ ಬಣ್ಣ ಬಳಿದು ಬಿಟ್ಟಿರುವುದಿಲ್ಲ ಅಂತ ನನಗೂ ಗೊತ್ತು. ಸಂಜೆ ಬೆಂಗಳೂರಿನ ಬೇಡಿಕೆ ಇದೆ, ಅದಕ್ಕೆ ಸ್ಟೋರೇಜ್ ಬೇಕು ಅನ್ನುವುದೂ ನಿಜ. ಆದರೆ ರಾಜ್ಯದ ಕರೆಂಟಿನಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಹೋಗುವುದು ಹೊಲದ ಪಂಪ್‌ಸೆಟ್ಟುಗಳಿಗೆ. 30 ಲಕ್ಷಕ್ಕೂ ಮೇಲೆ ಇವೆ. ಈ ಪಂಪುಗಳಿಗೆ ಸಂಜೆ ಏಳಕ್ಕೇ ಓಡಬೇಕು ಅಂತ ಹಟ ಇಲ್ಲ. ಬಿಸಿಲಿದ್ದಾಗ ಓಡಿಸಿ ಅಂದರೆ ಓಡುತ್ತವೆ, ರೈತ ಖುಷಿಯಾಗಿ ಓಡಿಸುತ್ತಾನೆ. ಹೊಲದ ಹೊಂಡ, ತೊಟ್ಟಿ, ಒದ್ದೆಯಾದ ಮಣ್ಣು, ಇವೆಲ್ಲ ಸ್ಟೋರೇಜೇ. ಸುರಂಗ ಬೇಡ, ಸಿಂಗಳೀಕದ ಮನೆ ಕೆಡಿಸಬೇಕಾಗಿಲ್ಲ. ಹೊಲಗಳಿಗೆ ಕರೆಂಟ್ ಒಯ್ಯುವ ಲೈನಿಗೇ, ಅಂದರೆ ಫೀಡರಿಗೇ, ಸೋಲಾರ್ ಜೋಡಿಸಿ ಹಗಲೇ ಕೊಡುವ ಕುಸುಮ್ ಯೋಜನೆ ಅಂತ ಒಂದಿದೆ, ಕೆಲವು ಕಡೆ ಶುರುವೂ ಆಗಿದೆ, ಅಲ್ಲೆಲ್ಲ ಒಳ್ಳೆಯದೇ ಆಗಿದೆ. ಅದನ್ನು ಮೊದಲು ಮುಗಿಸಿ, ಆಮೇಲೂ ಕರೆಂಟ್ ಉಳಿದರೆ ಎಲ್ಲಿ ಕೂಡಿಡೋಣ ಅಂತ ಕೂತು ಮಾತಾಡಬಹುದಿತ್ತು, ಅಲ್ವಾ?

ಪಾವಗಡದ ಹೆಸರು ಬಂತು, ಅಲ್ಲಿನ ವಿಚಾರವೂ ಸ್ವಲ್ಪ ಇರಲಿ. 13 ಸಾವಿರ ಎಕರೆ ಗಾಜು. 2,050 ಮೆಗಾವ್ಯಾಟ್. 2018ರಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ದೊಡ್ಡದು ಅಂತ ಎದೆ ತಟ್ಟಿಕೊಂಡೆವು. ಇಟ್ಟ ಹೆಸರು ಶಕ್ತಿ ಸ್ಥಳ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21 ಸಾವಿರ ಬಾಡಿಗೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ 5 ಏರಿಕೆ. ಬರದ ತಾಲ್ಲೂಕಿನಲ್ಲಿ ಅದು ಕೆಟ್ಟ ಬಾಡಿಗೆ ಅಲ್ಲ, ಜಮೀನು ಕಿತ್ತುಕೊಳ್ಳದೆ ಗುತ್ತಿಗೆಗೆ ತೆಗೆದುಕೊಂಡದ್ದು ಇಡೀ ದೇಶಕ್ಕೆ ಪಾಠ, ಇದನ್ನು ವ್ಯಂಗ್ಯ ಇಲ್ಲದೆ ಹೇಳುತ್ತಿದ್ದೇನೆ. ಜಮೀನಿಲ್ಲದವರಿಗೆ? ಕಳೆ ಕೀಳಲು ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ? ಅವರಿಗೆ ನೋಡೋಕೆ ಗಾಜಿದೆ. ಗಾಜಿನ ಮೇಲೆ ಧೂಳು ಕೂತರೆ ಕರೆಂಟ್ ಕಮ್ಮಿ ಆಗುತ್ತದೆ, ಹಾಗಾಗಿ ತೊಳೆಯಬೇಕು. ಕುಡಿಯುವ ನೀರಿಗೆ ದಶಕಗಳಿಂದ ಪರದಾಡಿದ ತಾಲ್ಲೂಕಿನಲ್ಲಿ ಸೂರ್ಯನಿಗೆ ಮುಖ ನೋಡಿಕೊಳ್ಳಲು ಕನ್ನಡಿ ತೊಳೆದು ಇಡುತ್ತಾರೆ.

ಈ ವಿಚಾರದಲ್ಲಿ ನಾವೊಬ್ಬರೇ ಹೀಗೆ ಅಂತ ಬೇಜಾರು ಬೇಡ. 2025ರ ಮಾರ್ಚಿನಲ್ಲಿ ದೇಶ ಒಂದೇ ವರ್ಷದಲ್ಲಿ 100 ಕೋಟಿ ಟನ್ ಕಲ್ಲಿದ್ದಲು ತೆಗೆಯಿತು ಅಂತ ದೆಹಲಿಯಲ್ಲಿ ಸಂಭ್ರಮ. ಅದೇ ವರ್ಷ ಜುಲೈನಲ್ಲಿ ದೇಶದ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಕಲ್ಲಿದ್ದಲು-ಗ್ಯಾಸ್ ಇಲ್ಲದ್ದು, ಗುರಿಗಿಂತ ಐದು ವರ್ಷ ಮೊದಲೇ ಸಾಧಿಸಿದೆವು ಅಂತ ಇನ್ನೊಂದು ಸಂಭ್ರಮ. ಎರಡೂ ನಿಜ. ಅರ್ಧ ಅನ್ನುವುದು ಕೂರಿಸಿದ ಯಂತ್ರಗಳ ಲೆಕ್ಕ. ನಿಜವಾಗಿ ತಂತಿಯಲ್ಲಿ ಹರಿಯುವ ಕರೆಂಟಿನಲ್ಲಿ ನೂರಕ್ಕೆ ಸುಮಾರು 70 ಪಾಲು ಈಗಲೂ ಕಲ್ಲಿದ್ದಲಿನದೇ. ಅದನ್ನು ಹೇಳಿದರೆ ದೇಶದ್ರೋಹಿ, ಸೋಲಾರ್ ಒಳ್ಳೆಯದು ಅಂದರೆ ಎನ್‌ಜಿಒ, ಕಾಡು ಉಳಿಸಿ ಅಂದರೆ ಅಭಿವೃದ್ಧಿ ವಿರೋಧಿ. ಇಂಗಾಲ ಉಗುಳುವುದನ್ನು ನಿವ್ವಳ ಸೊನ್ನೆ ಮಾಡುತ್ತೇವೆ ಅಂತ ದೇಶ ಮಾತು ಕೊಟ್ಟಿರುವುದು 2070ಕ್ಕೆ. ಅಷ್ಟು ಹೊತ್ತಿಗೆ ಮಾತು ಕೊಟ್ಟವರೂ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ, ಬಹಳ ಅನುಕೂಲದ ವರ್ಷ.

ಇನ್ನು ಪ್ರಪಂಚದ ದೊಡ್ಡವರು ವರ್ಷಕ್ಕೊಮ್ಮೆ ವಿಮಾನ ಹತ್ತಿ ಒಂದು ಊರಿನಲ್ಲಿ ಸೇರಿ ಭೂಮಿ ಬಿಸಿಯಾಗುತ್ತಿದೆ ಅಂತ ಚಿಂತೆ ಮಾಡುತ್ತಾರಲ್ಲ, 2023ರಲ್ಲಿ ದುಬೈನಲ್ಲಿ ಸೇರಿದ್ದರು. ಸಭೆಯ ಅಧ್ಯಕ್ಷರು ಅಬುಧಾಬಿಯ ಸರ್ಕಾರಿ ತೈಲ ಕಂಪನಿಯ ಮುಖ್ಯಸ್ಥರು. ಮರುವರ್ಷ ಬಾಕು. ಅಲ್ಲಿ ಅಜರ್‌ಬೈಜಾನಿನ ಅಧ್ಯಕ್ಷರೇ ವೇದಿಕೆ ಹತ್ತಿ ತೈಲ, ಗ್ಯಾಸ್ ಎಲ್ಲ ದೇವರ ಕೊಡುಗೆ ಅಂದರು. ಇಷ್ಟು ಪ್ರಾಮಾಣಿಕವಾಗಿ ಮಾತಾಡುವ ರಾಜಕಾರಣಿ ನಮ್ಮಲ್ಲಿ ಇಲ್ಲ. ನಮ್ಮವರು ರಾಯಚೂರಿನಲ್ಲಿ ನಾಲ್ಕು ದಶಕದಿಂದ ಕಲ್ಲಿದ್ದಲು ಉರಿಸುತ್ತಾ, ಜೂನ್ 5ಕ್ಕೆ ಸಸಿ ನೆಟ್ಟು ಫೋಟೊ ಹಾಕುತ್ತಾರೆ. ಆ ಸ್ಥಾವರ ಇರುವ ಶಕ್ತಿನಗರದವರು ಒಗೆದ ಬಟ್ಟೆ ಹೊರಗೆ ಒಣಹಾಕಿ, ಸಂಜೆ ಬೂದಿ ಕೊಡವಿ ಮಡಚುತ್ತಾರೆ.

ಮನೆ ಮೇಲೆ ಸೋಲಾರ್ ಹಾಕಿಸಿ, ತಿಂಗಳಿಗೆ 300 ಯೂನಿಟ್‌ವರೆಗೆ ಫ್ರೀ, 78 ಸಾವಿರದವರೆಗೆ ಸಬ್ಸಿಡಿ ಅಂತ ಕೇಂದ್ರ ಕರೆಯುತ್ತದೆ. ಏನೂ ಹಾಕಿಸಬೇಡಿ, ಸುಮ್ನೆ ಕೂತಿರಿ, 200 ಯೂನಿಟ್‌ವರೆಗೆ ಫ್ರೀ ಅಂತ ರಾಜ್ಯ ಹೇಳುತ್ತದೆ. ಕನ್ನಡಿಗ ಬುದ್ಧಿವಂತ, ಕೂತಿದ್ದಾನೆ.

ಇಲ್ಲಿಯವರೆಗೆ ನಗಬಹುದು. ಶರಾವತಿಯ ಒಂದು ವಿಚಾರಕ್ಕೆ ಮಾತ್ರ ನನಗೆ ನಗು ಬರುವುದಿಲ್ಲ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಹಳ್ಳಿಗಳು ಮುಳುಗಿದವು. ಅಡಿಕೆ ತೋಟ, ಗದ್ದೆ, ಮನೆ ಬಿಟ್ಟು ಬಂದವರನ್ನು ಲಾರಿಯಲ್ಲಿ ತುಂಬಿ ಎಲ್ಲೆಲ್ಲೋ ಕಾಡಿನ ಜಾಗ ತೋರಿಸಿ ಇಲ್ಲಿ ಬದುಕಿ ಅಂದರು. ಬದುಕಿದರು. ಅಜ್ಜ ಹೋದ, ಅಪ್ಪನೂ ಹೋದ, ಈಗ ಮೊಮ್ಮಗನಿಗೆ ತಲೆ ನರೆತಿದೆ. ಜಾಗದ ಹಕ್ಕುಪತ್ರ ಎಷ್ಟೋ ಮನೆಗಳಿಗೆ ಇನ್ನೂ ಬಂದಿಲ್ಲ. ಯಾಕೆ? ಅದು ಅರಣ್ಯ ಭೂಮಿಯಂತೆ. ಕೇಂದ್ರದ ಒಪ್ಪಿಗೆ ಬೇಕಂತೆ. ಅರಣ್ಯ ಕಾಯ್ದೆ ಇದೆಯಂತೆ, ಕೋರ್ಟಿನಲ್ಲಿದೆಯಂತೆ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಪಾದಯಾತ್ರೆ ಮಾಡುತ್ತಾರೆ. ಹಿನ್ನೀರಿನ ಆಚೆ ಇದ್ದವರು ಲಾಂಚ್ ಕಾದು ಕಾದು ಅರವತ್ತು ವರ್ಷವಾದ ಮೇಲೆ, 2025ರಲ್ಲಿ ಸಿಗಂದೂರು ಸೇತುವೆ ಆಯಿತು. ರಾಜ್ಯಕ್ಕೆಲ್ಲ ಬೆಳಕು ಕೊಡೋಕೆ ಮುಳುಗಿದವರಿಗೆ ಒಂದು ಸೇತುವೆ ಕಟ್ಟಲು ಅರವತ್ತು ವರ್ಷ.

ಅದೇ ಅರಣ್ಯ, ಅದೇ ಕಾಯ್ದೆ. ಈಗ ಅಭಯಾರಣ್ಯದ ಒಳಗೆ ಸುರಂಗ ಕೊರೆಯಬೇಕು ಅಂದರೆ ಕೇಂದ್ರದ ವನ್ಯಜೀವಿ ಮಂಡಳಿ ತಾತ್ವಿಕವಾಗಿ ಒಪ್ಪುತ್ತದೆ. ಎರಡು ಎಕರೆಯ ಬಡವನಿಗೆ ಮಾತ್ರ ಅದು ಕಾಡು. ಯೋಜನೆಗೆ ಅದು ಜಾಗ. ಸಿಂಗಳೀಕಕ್ಕೆ ಮರದಿಂದ ಮರಕ್ಕೆ ಹೋಗೋಕೆ ಕೊಂಬೆ ಬೇಕು, ಸುಲಭಕ್ಕೆ ನೆಲಕ್ಕಿಳಿದು ರೋಡ್ ದಾಟುವ ಪ್ರಾಣಿ ಅಲ್ಲ ಅದು, ಅಂದರೆ ಬೇರೆ ಕಡೆ ಸಸಿ ನೆಡುತ್ತೇವೆ ಅಂತಾರೆ. ಸಸಿ ನೆಟ್ಟದ್ದು ಮಲೆನಾಡಿನವರಿಗೆ ಗೊತ್ತಿದೆ. ಗುಡ್ಡಕ್ಕೆ ಗುಡ್ಡ ಅಕೇಶಿಯಾ. ಅದರ ಮೇಲೆ ಹಕ್ಕಿಯೂ ಸರಿಯಾಗಿ ಕೂರುವುದಿಲ್ಲ. ನೂರಾರು ವರ್ಷದ ಕಾಡು ಕಡಿದು ಇಂಗಾಲ ಕಮ್ಮಿ ಮಾಡುತ್ತೇವೆ ಅಂತ ನಮ್ಮ ಮುಖ ನೋಡಿ ಹೇಳುತ್ತಾರಲ್ಲ, ಸಾಕಾಗಿದೆ ಕಣ್ರೀ.

ಹೊಲದ ಲೈನು ಗಟ್ಟಿ ಮಾಡೋಕೆ ಏನು ಬೇಕು? ಕಂಬ, ತಂತಿ, ಹೋಬಳಿಗೊಂದು ಸಬ್‌ಸ್ಟೇಷನ್, ಪಕ್ಕದಲ್ಲಿ ಒಂದಷ್ಟು ಎಕರೆ ಸೋಲಾರ್, ಸುಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ಬದಲಿಗೆ ಇನ್ನೊಂದು ಟಿಸಿ, ಅದೂ ರೈತರ ಹತ್ತಿರ ಚಂದಾ ಎತ್ತದೆ. ಇದರಲ್ಲಿ ಯಾವುದಕ್ಕೂ 8 ಸಾವಿರ ಕೋಟಿಯ ಒಂದೇ ಟೆಂಡರ್ ಕರೆಯೋಕೆ ಬರುವುದಿಲ್ಲ. ಟಿಸಿ ಕೂರಿಸಿದ್ದಕ್ಕೆ ಯಾವ ಮುಖ್ಯಮಂತ್ರಿಯೂ ಹೆಲಿಕಾಪ್ಟರ್‌ನಲ್ಲಿ ಬಂದು ಶಿಲಾನ್ಯಾಸ ಮಾಡಿದ್ದು ನಾನಂತೂ ಕೇಳಿಲ್ಲ.